ಎರಡು ನಿಮಿಷದ ಹಾರ್ಮೋನಿಗೆ ವಾರದ ಆಯಸ್ಸು

ಕೇಳುಗರಿಗೆ ನಮಸ್ಕಾರ. ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಅದರ ರೇಟು ಎಷ್ಟು ಅಂತ ಮೆಡಿಕಲ್ ಶಾಪಿನವರೇ ಹೇಳುತ್ತಾರೆ, ಅದಕ್ಕೆ ನಾನು ಬೇಕಿಲ್ಲ. ಅದನ್ನು ಮಾಡಿದವರ ಕಥೆ ಹೇಳುತ್ತೇನೆ.

ಊಟ ಮಾಡಿದಾಗ ನಮ್ಮ ಕರುಳಿನಿಂದ ಜಿಎಲ್‌ಪಿ-1 ಅನ್ನುವ ಹಾರ್ಮೋನ್ ಹೊರಡುತ್ತದೆ. ಅಮೈನೋ ಆಮ್ಲಗಳು ಸಾಲಾಗಿ ಸೇರಿದ ಪುಟ್ಟ ಸರ ಅದು. ಇಂಥವನ್ನು ಪೆಪ್ಟೈಡ್ ಅನ್ನುತ್ತಾರೆ. ರಕ್ತದಲ್ಲಿ ಸಕ್ಕರೆ ಜಾಸ್ತಿಯಾದರೆ ಇದು ಇನ್ಸುಲಿನ್ ಬಿಡಿಸುತ್ತದೆ. ಹೊಟ್ಟೆ ತುಂಬಿತು, ಸಾಕು ಅಂತ ಮೆದುಳಿಗೂ ತಿಳಿಸುತ್ತದೆ. ಹಾಗಾದರೆ ಅದನ್ನೇ ಚುಚ್ಚಿಬಿಟ್ಟರೆ ಆಯ್ತಲ್ವಾ? ಆಗುವುದಿಲ್ಲ. ರಕ್ತಕ್ಕೆ ಬಂದ ಎರಡೇ ನಿಮಿಷದಲ್ಲಿ ಅರ್ಧ ಹಾಳಾಗಿರುತ್ತದೆ. ಡಿಪಿಪಿ-4 ಅನ್ನುವ ಕಿಣ್ವ ಅದನ್ನು ತುಂಡು ಮಾಡುತ್ತದೆ. ಎರಡು ನಿಮಿಷ. ಇವತ್ತು ಬೇರೇನು ಮರೆತರೂ ಪರವಾಗಿಲ್ಲ, ಇದನ್ನು ಮರೆಯಬೇಡಿ.

ಡೆನ್ಮಾರ್ಕಿನ ವಿಜ್ಞಾನಿ ಲೊಟ್ಟೆ ಬಿಯೆರ ಕ್ನುಡ್ಸನ್ 1989ರಲ್ಲಿ ಡಯಾಬಿಟಿಸ್ ಔಷಧಿ ಮಾಡುವ ನೋವೋ ಕಂಪನಿಗೆ ಸೇರಿದರು. ಡಯಾಬಿಟಿಸ್ ಕೆಲಸಕ್ಕಲ್ಲ, ಬಟ್ಟೆ ಒಗೆಯುವ ಪುಡಿಗೆ ಹಾಕುವ ಕಿಣ್ವಗಳ ಕೆಲಸಕ್ಕೆ! ಇದನ್ನು ಹೇಳದೆ ನಾನು ಯಾವ ಪಾಠವನ್ನೂ ಮುಗಿಸುವುದಿಲ್ಲ. ನಗಬೇಡಿ, ಅದೇನು ಸುಮ್ನೆ ಕೆಲಸವಲ್ಲ. ಸೋಪಿನ ನೀರು, ಬಿಸಿ, ಜೊತೆಗೆ ಪ್ರೋಟೀನನ್ನೇ ತಿನ್ನುವ ಇನ್ನೊಂದು ಕಿಣ್ವ. ಕಿಣ್ವವೂ ಪ್ರೋಟೀನೇ ಅಲ್ವಾ! ಇಷ್ಟರ ನಡುವೆಯೂ ನಮ್ಮ ಕಿಣ್ವ ಉಳಿದು, ಅಂಗಿಯ ಕಾಲರಿನ ಕೊಳೆ ತೆಗೆಯಬೇಕು. ಬೇಗ ಹಾಳಾಗುವ ವಸ್ತುವನ್ನು ಉಳಿಸುವುದು ಹೇಗೆ? ಅಲ್ಲಿದ್ದದ್ದೂ ಇದೇ ಪ್ರಶ್ನೆ, ಆಮೇಲೆ ಔಷಧಿಯಲ್ಲಿ ಎದುರಾದದ್ದೂ ಇದೇ ಪ್ರಶ್ನೆ. ಅವರ ಕೈ ಪಳಗಿದ್ದು ಆ ಪುಡಿಯಲ್ಲೇ ಅಂತ ನನ್ನ ನಂಬಿಕೆ.

ಆಮೇಲೆ ಔಷಧಿಯ ಕೆಲಸಕ್ಕೆ ಬಂದ ಕ್ನುಡ್ಸನ್ ಮತ್ತು ಅವರ ತಂಡ ಜಿಎಲ್‌ಪಿ-1 ಸರಕ್ಕೆ ಕೊಬ್ಬಿನ ಆಮ್ಲದ ಒಂದು ಬಾಲ ಜೋಡಿಸಿದರು. ರಕ್ತದಲ್ಲಿ ಆಲ್ಬುಮಿನ್ ಅನ್ನುವ ದೊಡ್ಡ ಪ್ರೋಟೀನ್ ಧಾರಾಳವಾಗಿ ಓಡಾಡಿಕೊಂಡಿರುತ್ತದೆ. ಅಮ್ಮನ ಸೊಂಟ ಬಿಡದ ಮಗುವಿನ ಹಾಗೆ, ಈ ಬಾಲ ಆಲ್ಬುಮಿನ್‌ಗೆ ಅಂಟಿಕೊಳ್ಳುತ್ತದೆ. ಕಿಣ್ವಕ್ಕೆ ಅಷ್ಟು ಸುಲಭವಾಗಿ ಸಿಗುವುದಿಲ್ಲ, ಕಿಡ್ನಿಯಲ್ಲಿ ಸೋರಿಯೂ ಹೋಗುವುದಿಲ್ಲ. ಎರಡು ನಿಮಿಷ ಇದ್ದದ್ದು ಸುಮಾರು ಹದಿಮೂರು ಗಂಟೆಯಾಯಿತು. ಅದೇ ಲಿರಾಗ್ಲುಟೈಡ್, ದಿನಕ್ಕೊಂದು ಚುಚ್ಚುಮದ್ದು. ಯುರೋಪಿನಲ್ಲಿ 2009ರಲ್ಲಿ ಒಪ್ಪಿಗೆ ಸಿಕ್ಕಿತು. ಆಮೇಲೆ ಬಾಲ ಬದಲಾಯಿತು, ಕಿಣ್ವ ಕತ್ತರಿಸುವ ಜಾಗದಲ್ಲಿ ಒಂದು ಅಮೈನೋ ಆಮ್ಲವೂ ಬದಲಾಯಿತು. ಅದು ಸೆಮಾಗ್ಲುಟೈಡ್, ವಾರಕ್ಕೊಂದೇ ಸಾಕು. ಅಮೆರಿಕದಲ್ಲಿ 2017ರಲ್ಲಿ ಡಯಾಬಿಟಿಸ್‌ಗೆ, 2021ರಲ್ಲಿ ಬೊಜ್ಜಿಗೆ ಒಪ್ಪಿಗೆ ಸಿಕ್ಕಿತು.

ಸಮಯ ಆಗಲೇ ಮುಗಿಯುತ್ತಾ ಬಂತು. ಈ ಹಾರ್ಮೋನಿನಲ್ಲಿ ನಿಜವಾಗಿ ಕೆಲಸ ಮಾಡುವ ತುಣುಕು ಯಾವುದು ಅಂತ ಮೊದಲು ಹುಡುಕಿದವರಲ್ಲಿ ವಿಜ್ಞಾನಿಗಳಾದ ಸ್ವೆಟ್ಲಾನಾ ಮೊಯ್ಸೊವ್ ಮತ್ತು ಜೋಯಲ್ ಹ್ಯಾಬನರ್ ಮುಖ್ಯರು. ಕ್ನುಡ್ಸನ್ ಜೊತೆ ಅವರಿಗೂ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ 2024ರಲ್ಲಿ ಬಂತು. ಮೊಯ್ಸೊವ್ ಹೆಸರು ಬಹಳ ಕಾಲ ಯಾರ ಬಾಯಲ್ಲೂ ಇರಲಿಲ್ಲ ಅನ್ನುವುದು ಬೇರೆಯೇ ಒಂದು ಭಾಷಣ.

ಇನ್ನೊಂದೇ ಮಾತು. ವಾರ ಪೂರ್ತಿ ಮೈಯಲ್ಲಿ ಉಳಿಯುವ ಔಷಧಿ ಇದು. ಚುಚ್ಚಿಕೊಂಡ ಮೇಲೆ ವಾಂತಿ ಶುರುವಾದರೆ, ಬೇಡ ಅಂತ ವಾಪಸ್ ತೆಗೆಯಲು ಆಗುವುದಿಲ್ಲ. ಅದಕ್ಕೇ ಡಾಕ್ಟರು 0.25 ಮಿಲಿಗ್ರಾಂನಿಂದ ಶುರು ಮಾಡಿ, ತಿಂಗಳುಗಟ್ಟಲೆ ನಿಧಾನವಾಗಿ ಏರಿಸುತ್ತಾರೆ. ಮದುವೆಗೆ ಮುಂಚೆ ಸಣ್ಣಗಾಗಬೇಕು, ಫ್ರೆಂಡ್ ತಗೊಳ್ಳುವ ಡೋಸೇ ಕೊಡಿ ಅಂತ ಅಂಗಡಿಗೆ ಹೋಗಬೇಡಿ, ದಯವಿಟ್ಟು. ನಮಸ್ಕಾರ.