ಲಿನಕ್ಸ್‌ನ ಫ್ಯೂಟೆಕ್ಸ್: ಬೀಗ ಪ್ರೋಗ್ರಾಮಿನದು, ನಿದ್ದೆ ಕರ್ನಲ್ಲಿನದು

ಸಭಿಕರೆಲ್ಲರಿಗೂ ನಮಸ್ಕಾರ.

ಎರಡು ಥ್ರೆಡ್‌ಗಳು, ಅಂದರೆ ಒಂದೇ ಪ್ರೋಗ್ರಾಮಿನಲ್ಲಿ ಜೊತೆಜೊತೆಗೆ ಓಡುವ ಎರಡು ಕೆಲಸದ ಎಳೆಗಳು, ಒಂದೇ ಕೌಂಟರನ್ನು ಏಕಕಾಲಕ್ಕೆ ಹೆಚ್ಚಿಸಲು ಹೊರಟರೆ ಲೆಕ್ಕ ತಪ್ಪುತ್ತದೆ, ಅದಕ್ಕಾಗಿ ಒಮ್ಮೆಗೆ ಒಂದೇ ಥ್ರೆಡ್ಡನ್ನು ಒಳಬಿಡುವ ಬೀಗವಾದ ಮ್ಯೂಟೆಕ್ಸ್ ಬಳಸುತ್ತೇವೆ ಎಂಬುದು ನಿಮಗೆ ತಿಳಿದದ್ದೇ. ಆ ಮ್ಯೂಟೆಕ್ಸಿನ ಹಿಂದೆ ಆಪರೇಟಿಂಗ್ ಸಿಸ್ಟಂ ಮಾಡುವ ಕೆಲಸವೆಷ್ಟು ಎಂಬುದು ಇಂದಿನ ವಿಷಯ. ನನ್ನ ದೃಷ್ಟಿಯಲ್ಲಿ ಲಿನಕ್ಸ್‌ನ ಉತ್ತರದ ಸೊಗಸಿರುವುದು ಅದರ ತಿರುಳಾದ ಕರ್ನಲ್ ಎಷ್ಟು ಕಡಿಮೆ ಕೆಲಸ ಮಾಡುತ್ತದೆ ಎಂಬುದರಲ್ಲಿ.

ಸಿಸ್ಟಂ ಫೈವ್ ಸೆಮಫೋರ್‌ಗಳೆಂಬ ಹಳೆಯ ಬಗೆಯ ಬೀಗಗಳಲ್ಲಿ, ಪೈಪೋಟಿಗೆ ಯಾರೂ ಇಲ್ಲದಿದ್ದರೂ, ಪ್ರತಿ ಸಲವೂ ಸಿಸ್ಟಂ ಕಾಲ್, ಅಂದರೆ ಕರ್ನಲ್‌ಗೆ ಕರೆ, ಮಾಡಲೇಬೇಕಿತ್ತು. 2002ರಲ್ಲಿ ಹ್ಯೂಬರ್ಟಸ್ ಫ್ರಾಂಕೆ, ರಸ್ಟಿ ರಸೆಲ್ ಮತ್ತು ಮ್ಯಾಥ್ಯೂ ಕರ್ಕ್‌ವುಡ್ ಒಟ್ಟಾವಾದ ಲಿನಕ್ಸ್ ಸಮ್ಮೇಳನದಲ್ಲಿ ಮಂಡಿಸಿದ ಫ್ಯೂಟೆಕ್ಸ್ ಈ ಖರ್ಚನ್ನು ತಪ್ಪಿಸಿತು. ಇದರಲ್ಲಿ ಬೀಗವೆಂದರೆ ಪ್ರೋಗ್ರಾಮಿನದೇ ಮೆಮೊರಿಯಲ್ಲಿರುವ 32 ಬಿಟ್‌ನ ಒಂದು ಪೂರ್ಣಾಂಕ. ಸಾಮಾನ್ಯ ಅಳವಡಿಕೆಯಲ್ಲಿ 0 ಎಂದರೆ ತೆರೆದಿದೆ, 1 ಎಂದರೆ ಮುಚ್ಚಿದೆ, 2 ಎಂದರೆ ಮುಚ್ಚಿದೆ ಮತ್ತು ಯಾರೋ ಕಾಯುತ್ತಿರಬಹುದು. 0 ಇದ್ದರೆ ಥ್ರೆಡ್ ನಡುವೆ ಬೇರಾರೂ ತಲೆಹಾಕಲಾಗದ ಒಂದೇ ಅಟಾಮಿಕ್ ಸೂಚನೆಯಿಂದ ಅದನ್ನು 1 ಮಾಡಿ ಮುಂದೆ ಸಾಗುತ್ತದೆ. ಹೀಗೊಂದು ಬೀಗವಿದೆ ಎಂಬುದೇ ಕರ್ನಲ್‌ಗೆ ಗೊತ್ತಾಗುವುದಿಲ್ಲ.

ತೊಡಕಿರುವುದು ಕಾಯಬೇಕಾಗಿ ಬಂದಾಗ. ಎರಡನೆಯ ಥ್ರೆಡ್ ಬೀಗ ಮುಚ್ಚಿರುವುದನ್ನು ಕಂಡು, ಅಂಕಿಯನ್ನು 2 ಮಾಡಿ, ಮಲಗಲು ಹೊರಡುತ್ತದೆ ಎನ್ನಿ. ಅದು ಮಲಗುವ ಮುನ್ನವೇ ಮೊದಲನೆಯದು ಬೀಗ ತೆರೆದು, 2 ಇದ್ದುದರಿಂದ ಎಬ್ಬಿಸುವ ಕರೆಯನ್ನೂ ಮಾಡಿಬಿಡುತ್ತದೆ. ಆಗ ಸರತಿಯಲ್ಲಿ ಯಾರೂ ಇಲ್ಲ. ಆಮೇಲೆ ಮಲಗಿದ ಎರಡನೆಯದನ್ನು ಎಬ್ಬಿಸುವವರೇ ಇರುವುದಿಲ್ಲ. ಇದನ್ನು ತಡೆಯಲೆಂದೇ ಕಾಯುವ ಕರೆಯು ವಿಳಾಸದ ಜೊತೆಗೆ ತಾನು ಕಂಡ ಅಂಕಿಯನ್ನೂ ಕರ್ನಲ್‌ಗೆ ಕೊಡುತ್ತದೆ. ಕರ್ನಲ್ ಆ ವಿಳಾಸಕ್ಕೆ ಸೇರಿದ ಹ್ಯಾಶ್ ಬಕೆಟ್ಟಿನ (ಕಾಯುವವರ ಸರತಿಯನ್ನು ಕರ್ನಲ್ ಇಡುವ ಗೂಡಿನ) ಒಳಬೀಗ ಹಿಡಿದು ಅಂಕಿಯನ್ನು ಮತ್ತೆ ಓದುತ್ತದೆ. ಇನ್ನೂ 2 ಆಗಿದ್ದರೆ ಮಾತ್ರ ಥ್ರೆಡ್ಡನ್ನು ಸರತಿಗೆ ಸೇರಿಸಿ ಮಲಗಿಸುತ್ತದೆ, ಇಲ್ಲವಾದರೆ ಕೂಡಲೇ ಹಿಂದಕ್ಕೆ ಕಳುಹಿಸುತ್ತದೆ. ಎಬ್ಬಿಸುವ ಕರೆಯೂ ಅದೇ ಒಳಬೀಗ ಹಿಡಿದು ಸರತಿಯನ್ನು ನೋಡುವುದರಿಂದ ನಡುವೆ ಸಂದು ಉಳಿಯುವುದಿಲ್ಲ.

ಎಚ್ಚರಗೊಂಡ ಮಾತ್ರಕ್ಕೆ ಬೀಗ ಸಿಕ್ಕಿತೆಂದಲ್ಲ. ಮತ್ತೆ ಪ್ರಯತ್ನಿಸಬೇಕು, ಅದೂ 1ರ ಬದಲು 2 ಬರೆದು. ತನ್ನ ಹಿಂದೆ ಇನ್ನಾರಾದರೂ ಮಲಗಿದ್ದಾರೆಯೇ ಎಂಬುದು ಎದ್ದ ಥ್ರೆಡ್‌ಗೆ ತಿಳಿಯದು. ಇದರಿಂದ ಆಗೀಗ ಒಂದು ಎಬ್ಬಿಸುವ ಕರೆ ವ್ಯರ್ಥವಾಗುತ್ತದೆ, ಆಗಲಿ. ಒಂದು ಥ್ರೆಡ್ ಏಳದೇ ಉಳಿಯುವುದಕ್ಕಿಂತ ಅದು ಮೇಲು.

ಬೀಗ ಹಿಡಿದವರು ಯಾರೆಂಬುದು ಕರ್ನಲ್‌ಗೆ ತಿಳಿಯಲೇಬೇಕಾದ ಸಂದರ್ಭಗಳೂ ಇವೆ. 1997ರಲ್ಲಿ ಮಂಗಳನ ಮೇಲಿಳಿದ ಪಾತ್‌ಫೈಂಡರ್ ನೌಕೆಯಲ್ಲಿ ಕಡಿಮೆ ಆದ್ಯತೆಯ ಹವಾಮಾನ ಕಾರ್ಯವೊಂದು ಮ್ಯೂಟೆಕ್ಸ್ ಹಿಡಿದಿರುವಾಗ ಮಧ್ಯಮ ಆದ್ಯತೆಯವು ಅದನ್ನು ಬದಿಗೊತ್ತಿ ಓಡಿದ್ದರಿಂದ, ಅದಕ್ಕಾಗಿ ಕಾಯುತ್ತಿದ್ದ ಉನ್ನತ ಆದ್ಯತೆಯ ಕಾರ್ಯ ಗಡುವು ತಪ್ಪಿ ಕಂಪ್ಯೂಟರ್ ಪದೇ ಪದೇ ಮರುಚಾಲನೆಗೊಂಡಿತ್ತು. ಅದು ಲಿನಕ್ಸ್ ಅಲ್ಲ, ವಿಎಕ್ಸ್‌ವರ್ಕ್ಸ್. ಅಲ್ಲಿ ಆದ್ಯತೆಯ ಆನುವಂಶಿಕತೆಯನ್ನು, ಅಂದರೆ ಕಾಯುವವರ ಉನ್ನತ ಆದ್ಯತೆಯನ್ನು ಬೀಗ ಹಿಡಿದವರಿಗೆ ತಾತ್ಕಾಲಿಕವಾಗಿ ಕೊಡುವ ವ್ಯವಸ್ಥೆಯನ್ನು, ಚಾಲೂ ಮಾಡಿದ್ದರಿಂದ ತೊಂದರೆ ನೀಗಿತು. 2006ರಲ್ಲಿ ಲಿನಕ್ಸ್‌ಗೂ ಇಂಥ ಫ್ಯೂಟೆಕ್ಸ್ ಬಂತು. ಇದರಲ್ಲಿ ಬೀಗದ ಅಂಕಿಯೇ ಹಿಡಿದವರ ಥ್ರೆಡ್ ಸಂಖ್ಯೆಯಾಗಿರುವುದರಿಂದ ಯಾರ ಆದ್ಯತೆಯನ್ನು ಏರಿಸಬೇಕೆಂದು ಕರ್ನಲ್‌ಗೆ ತಿಳಿಯುತ್ತದೆ. ರೋಬಸ್ಟ್ ಮ್ಯೂಟೆಕ್ಸ್‌ಗಳಲ್ಲಿಯೂ ಹೀಗೆಯೇ: ಹಿಡಿದ ಥ್ರೆಡ್ ಸತ್ತರೆ ಕರ್ನಲ್ ಅಂಕಿಯಲ್ಲಿ ಆ ಗುರುತಿನ ಬಿಟ್ ಹಾಕಿ ಕಾಯುತ್ತಿರುವ ಒಬ್ಬರನ್ನು ಎಬ್ಬಿಸುತ್ತದೆ. ಆದರೆ ಆ ಬೀಗ ರಕ್ಷಿಸುತ್ತಿದ್ದ ದತ್ತಾಂಶ ಅರ್ಧಕ್ಕೆ ನಿಂತಿದೆಯೇ, ಸರಿಯಾಗಿದೆಯೇ ಎಂಬುದನ್ನು ಎದ್ದ ಪ್ರೋಗ್ರಾಮೇ ಪರೀಕ್ಷಿಸಿಕೊಳ್ಳಬೇಕು.