ಎದುರಿಗೆ ಯಾರೂ ಇಲ್ಲದ ನಗೆಗಾರ

ಕೇಳುಗರಿಗೆ ನಮಸ್ಕಾರ.

ಅಡಿಕೆ ಸುಲಿಯುವ ರಾತ್ರಿಗಳು ಮಲೆನಾಡಿನವರಿಗೆ ಹೊಸದಲ್ಲ. ಹಗಲು ಮರದಿಂದ ಇಳಿಸಿದ ಅಡಿಕೆಗೊನೆಯನ್ನು ಆ ರಾತ್ರಿಯೇ ಸುಲಿದು ಮುಗಿಸಬೇಕು, ಬೆಳಗಾದರೆ ಅದನ್ನು ಬೇಯಿಸಲು ಒಲೆಯ ಮೇಲೆ ಹಂಡೆ ಕಾದಿರುತ್ತದೆ. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಚಪ್ಪರದಲ್ಲಿ ಮೆಟ್ಟುಗತ್ತಿಗಳ ಮುಂದೆ ಹತ್ತು ಹದಿನೈದು ಜನ ಕುಳಿತಿರುತ್ತಿದ್ದರು. ನಡುವೆ ರೇಡಿಯೊ. ಭದ್ರಾವತಿ ಆಕಾಶವಾಣಿ ಆ ದಿನದ ಪ್ರಸಾರ ಮುಗಿಸಿದ ಮೇಲೆ ಟೇಪ್ ರೆಕಾರ್ಡರಿನ ಸರದಿ. ಸಿನಿಮಾದ ಮಾತುಗಳನ್ನೇ ತುಂಬಿಸಿದ ಕ್ಯಾಸೆಟ್‌ಗಳು ಆಗ ಅಂಗಡಿಗಳಲ್ಲಿ ಸಿಗುತ್ತಿದ್ದವು.

ಅಂಥ ಒಂದು ಕ್ಯಾಸೆಟ್ಟಿನಲ್ಲಿ ಒಬ್ಬ ಹಾಸ್ಯನಟನ ದನಿ ಇತ್ತು. ಅವರ ಹೆಸರು ಇಲ್ಲಿ ಬೇಡ. ಬಾಡಿಗೆ ಕೇಳಲು ಮನೆಯ ಯಜಮಾನ ಬಂದಿರುತ್ತಾನೆ. ಕೂಗಾಡುತ್ತಾನೆ, ಲೆಕ್ಕ ಹೇಳುತ್ತಾನೆ, ಮತ್ತೆ ಕೂಗಾಡುತ್ತಾನೆ. ನಮ್ಮ ನಟ ಮಾತನಾಡುವುದಿಲ್ಲ. ಕ್ಯಾಸೆಟ್ ಕೆಟ್ಟಿತೇನೋ ಅನ್ನಿಸುವಷ್ಟು ಹೊತ್ತು ಮೌನ. ಚಪ್ಪರದಲ್ಲಿ ಒಂದೊಂದೇ ಕತ್ತಿಯ ಸದ್ದು ನಿಲ್ಲುತ್ತಿತ್ತು. ಆಮೇಲೆ ಬಹಳ ಮೆಲ್ಲಗೆ, "ಕಾಫಿ ಕುಡಿಯುತ್ತೀರಾ?" ಎಂಬ ಒಂದು ಪ್ರಶ್ನೆ. ನಮ್ಮ ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು. ಮುಂದೇನು ಬರುತ್ತದೆಂದು ಎಲ್ಲರಿಗೂ ಬಾಯಿಪಾಠವಾಗಿತ್ತು, ಆದರೂ ಪ್ರತಿ ರಾತ್ರಿ ಕತ್ತಿಗಳು ನಿಲ್ಲುತ್ತಿದ್ದವು.

ಅದೇ ನಟರ ಹೊಸ ಚಿತ್ರವನ್ನು ಈ ಮಳೆಗಾಲದಲ್ಲಿ ಶಿವಮೊಗ್ಗಕ್ಕೆ ಹೋಗಿ ನೋಡಿದೆ. ಮಂಡಿನೋವಿನ ದೊಡ್ಡಮ್ಮನಿಗೆ ಅಷ್ಟು ದೂರ ಬಸ್ಸಿನಲ್ಲಿ ಕೂರಲಾಗುವುದಿಲ್ಲ. "ನೋಡಿಕೊಂಡು ಬಂದು ಒಂದೂ ಬಿಡದೆ ಹೇಳು" ಎಂದು ಕಳಿಸಿದ್ದರು. ಗಾಜನೂರು ದಾಟುವವರೆಗೂ ಮಳೆ ಬಿಟ್ಟಿರಲಿಲ್ಲ. ಒದ್ದೆ ಕೊಡೆಯನ್ನು ಕಾಲಬುಡದಲ್ಲಿ ಇಟ್ಟುಕೊಂಡು, ನಗಲು ಸಿದ್ಧನಾಗಿಯೇ ಕುಳಿತೆ.

ನಗು ಬರಲಿಲ್ಲ. ಅರ್ಧ ಗಂಟೆ ಕಳೆದರೂ ಬರಲಿಲ್ಲ. ಕಥೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ, ಶ್ರೀಮಂತನೆಂದು ಸುಳ್ಳು ಹೇಳಿ ಮದುವೆಗೆ ಹೊರಟವನ ಕಥೆ. ಇಂಥ ಕಥೆಯಿಂದ ಒಳ್ಳೆಯ ಹಾಸ್ಯ ಎಷ್ಟೋ ಬಾರಿ ಹುಟ್ಟಿದೆ. ನನಗೆ ಸಂಕಟವಾದದ್ದು ಬೇರೆ ಕಾರಣಕ್ಕೆ. ತೊದಲುವ ಕಾವಲುಗಾರ, ದಪ್ಪಗಿರುವ ಹೆಂಗಸು, ಕಪ್ಪು ಬಣ್ಣದ ಹುಡುಗಿ, ಇವರೆಲ್ಲ ಬರುವುದು ಈ ನಟರಿಂದ ಒಂದು ಚುಚ್ಚುಮಾತು ಹೇಳಿಸಿಕೊಂಡು ಹೋಗುವುದಕ್ಕೆ. ತಿರುಗಿ ಒಂದು ಮಾತಾಡುವ ಅವಕಾಶ ಯಾರಿಗೂ ಇಲ್ಲ.

ಒಮ್ಮೆ ಕಣ್ಣು ಮುಚ್ಚಿಕೊಂಡೆ, ಚಪ್ಪರದಲ್ಲಿ ಕೇಳುತ್ತಿದ್ದಂತೆ ಕೇಳೋಣವೆಂದು. ಪ್ರತಿ ಮಾತಿನ ಹಿಂದೆಯೂ ಒಂದು ಚಿತ್ರವಿಚಿತ್ರ ಸದ್ದು, ತಟ್ಟೆ ಬಿದ್ದಂತೆ, ಪೀಪಿ ಊದಿದಂತೆ. ಎರಡು ಮಾತುಗಳ ನಡುವೆ ಉಸಿರಾಡಲೂ ಜಾಗವಿಲ್ಲ. ಆ ಮೌನ ಎಲ್ಲಿ ಹೋಯಿತು?

ಹಿಂದಿರುಗುವ ಬಸ್ಸಿನಲ್ಲಿ ಇದನ್ನೇ ಯೋಚಿಸಿದೆ. ನಮ್ಮ ಕಡೆ ಯಕ್ಷಗಾನ ನೋಡಿ ಬೆಳೆದವರಿಗೆ ಹಾಸ್ಯಗಾರ ಎಂದರೆ ಏನೆಂದು ಗೊತ್ತು. ಕಂಸನ ಊರಿನ ಅಗಸನಾಗಿ ಬರಲಿ, ಬಾಗಿಲ ಬಳಿಯ ದೂತನಾಗಿ ಬರಲಿ, ಬಾಹುಕನಾಗಿ ಬರಲಿ, ಅವನು ಒಬ್ಬನೇ ನಗಿಸುವುದಿಲ್ಲ. ಭಾಗವತರು ಒಂದು ಪ್ರಶ್ನೆ ಕೇಳುತ್ತಾರೆ, ಅವನು ಅದನ್ನು ತಪ್ಪಾಗಿ ತಿಳಿಯುತ್ತಾನೆ, ಅವರು ತಿದ್ದುತ್ತಾರೆ, ಅವನು ಇನ್ನಷ್ಟು ತಪ್ಪಾಗಿ ತಿಳಿಯುತ್ತಾನೆ. ರಾಜ ಗಂಭೀರವಾಗಿ ನಿಂತಷ್ಟೂ ದೂತನಿಗೆ ಕಳೆ. ಆ ರಾಜನೂ ಹಲ್ಲು ಕಿರಿದರೆ ಪ್ರಸಂಗ ಅಲ್ಲಿಗೆ ಕೆಟ್ಟಿತು.

ಕನ್ನಡ ಸಿನಿಮಾದ ಹಿರಿಯರಿಗೂ ಇದು ತಿಳಿದಿತ್ತು. ನರಸಿಂಹರಾಜು ನಾಟಕ ಕಂಪನಿಗಳಲ್ಲಿ ಪಳಗಿ, 1954ರ 'ಬೇಡರ ಕಣ್ಣಪ್ಪ'ದ ಮೂಲಕ ತೆರೆಗೆ ಬಂದವರು. ಅವರ ಮುಗ್ಧತನ ಹೊಳೆಯುವುದಕ್ಕೆ ಎದುರಿಗೆ ಬಾಲಕೃಷ್ಣ ಅವರಂಥ ಒಬ್ಬರ ಕುತಂತ್ರ ಬೇಕಿತ್ತು. ಬಾಲಕೃಷ್ಣ ಅವರಿಗಂತೂ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿಯ ಚಲನೆ ನೋಡಿಕೊಂಡೇ ತಮ್ಮ ಮಾತಿನ ಹೊತ್ತನ್ನು ಹಿಡಿಯುತ್ತಿದ್ದರು ಎನ್ನುತ್ತಾರೆ. ಕೇಳಿಸದ ಮನುಷ್ಯ ಎದುರಿನವರನ್ನು ಅಷ್ಟು ಗಮನವಿಟ್ಟು ನೋಡಿದರು. ಅದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನಮ್ಮ ಈ ನಟರೂ ಅದೇ ದಾರಿಯಲ್ಲಿ ಬಂದವರು. ಬಾಡಿಗೆಯ ದೃಶ್ಯದಲ್ಲಿ ಅವರು ಮಾಡುತ್ತಿದ್ದದ್ದು ಏನು? ಯಜಮಾನನ ಕೂಗಾಟವನ್ನು ಕೇಳುತ್ತಿದ್ದರು, ಅಷ್ಟೇ. ನಾಯಕನ ಪಕ್ಕದಲ್ಲಿ ನಿಂತು ಹತ್ತು ನಿಮಿಷ ಸಿಕ್ಕರೆ ಹತ್ತು ನಿಮಿಷವನ್ನು ತುಂಬುತ್ತಿದ್ದರು. ಈಗ ಟಿಕೆಟ್ ಮಾರಾಟವಾಗುವುದೇ ಅವರ ಹೆಸರಿನಲ್ಲಿ. ಹಾಗಾಗಿ ಎಲ್ಲ ಒಳ್ಳೆಯ ಮಾತೂ ಅವರದೇ ಆಗಬೇಕು, ಎಲ್ಲ ದೃಶ್ಯವೂ ಅವರಲ್ಲೇ ಮುಗಿಯಬೇಕು. ಮೊಬೈಲಿನಲ್ಲಿ ಅರ್ಧ ನಿಮಿಷದ ತುಣುಕಾಗಿ ಓಡಲು ಮಾತುಗಳನ್ನು ಬರೆದಂತಿದೆ, ಅಂಥ ತುಣುಕಿನಲ್ಲಿ ಇನ್ನೊಬ್ಬರ ಮಾತು ಕೇಳಲು ಪುರುಸೊತ್ತೆಲ್ಲಿ? ಬರೆದವರ ಮೇಲೆ ನನಗೆ ಸಿಟ್ಟಿದೆ. ನಟರ ಮೇಲೂ ಇದೆ, ಯಾಕೆಂದರೆ ಬೇಡ ಎನ್ನುವಷ್ಟು ದೊಡ್ಡವರು ಅವರು.

ಅನ್ಯಾಯವಾಗಿ ಮಾತನಾಡಬಾರದು. ಕೊನೆಯ ಭಾಗದಲ್ಲಿ ಒಂದು ದೃಶ್ಯವಿದೆ, ನಾಲ್ಕು ನಿಮಿಷವೂ ಇರಲಿಕ್ಕಿಲ್ಲ. ಸುಳ್ಳೆಲ್ಲ ಬಯಲಾಗಿ, ಮದುವೆಯ ಕೋಟು ತೊಟ್ಟುಕೊಂಡೇ ಆತ ಒಂದು ಚಹಾದ ಅಂಗಡಿಗೆ ಬರುತ್ತಾನೆ. ಅಂಗಡಿಯ ಮುದುಕನ ಪಾತ್ರದಲ್ಲಿ ರಂಗಭೂಮಿಯ ಪಳಗಿದ ಮುಖವೊಂದು. ಮುದುಕ ಕೋಟನ್ನು ನೋಡುತ್ತಾನೆ, ಲೋಟ ಒರೆಸುತ್ತಾನೆ, ಮತ್ತೆ ಕೋಟನ್ನು ನೋಡುತ್ತಾನೆ. "ಬಾಡಿಗೆಯದಾ?" ಎನ್ನುತ್ತಾನೆ. ನಮ್ಮ ನಟ ಉತ್ತರ ಕೊಡುವುದಿಲ್ಲ. ಹಿನ್ನೆಲೆಯ ಸದ್ದೂ ಅಲ್ಲಿ ನಿಂತಿದೆ. ಆಮೇಲೆ ನಿಧಾನವಾಗಿ ಕೋಟಿನ ಒಂದು ತೋಳನ್ನು ಕಳಚಿ, ಯೋಚಿಸಿ, ಮತ್ತೆ ಹಾಕಿಕೊಂಡು, "ಸಂಜೆ ಆರರವರೆಗೆ" ಎನ್ನುತ್ತಾರೆ. ಚಿತ್ರಮಂದಿರ ನಕ್ಕಿತು. ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ನಗುತ್ತಾ ನನ್ನ ತೊಡೆಗೆ ತಟ್ಟಿದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಅದು ನಗುವಿನದು ಮಾತ್ರವಲ್ಲ.

ಮನೆ ಮುಟ್ಟುವಾಗ ಕತ್ತಲಾಗಿತ್ತು. ದೊಡ್ಡಮ್ಮ ಒಲೆಯ ಮುಂದೆ ಕಾದು ಕುಳಿತಿದ್ದರು. "ಹೇಗಿತ್ತೋ ಸಿನಿಮಾ?" ಎಂದರು. ನಾನು ಒದ್ದೆ ಅಂಗಿಯನ್ನೂ ಬದಲಾಯಿಸದೆ ಚಹಾದ ಅಂಗಡಿಯ ದೃಶ್ಯವನ್ನು ಮಾಡಿ ತೋರಿಸಿದೆ, ಮುದುಕನಾಗಿ ಲೋಟ ಒರೆಸಿದೆ, ತೋಳು ಕಳಚಿ ಹಾಕಿಕೊಂಡೆ. ದೊಡ್ಡಮ್ಮ ಸೆರಗನ್ನು ಕಣ್ಣಿಗೆ ಒಯ್ದು ನಕ್ಕರು, ಚಪ್ಪರದಲ್ಲಿ ನಗುತ್ತಿದ್ದ ಹಾಗೆಯೇ.

ನಗು ನಿಂತ ಮೇಲೆ ಮಣೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, "ಇನ್ನೊಂದು ಹೇಳು" ಎಂದರು. ಹೇಳಲು ನನ್ನ ಬಳಿ ಇನ್ನೊಂದು ಇರಲಿಲ್ಲ.

ನಮಸ್ಕಾರ.