ಮದುವೆ ಲೈಸೆನ್ಸ್‌ಗೆ ಕೊಟ್ಟ 20 ಡಾಲರಲ್ಲಿ 15 ಎಲ್ಲಿಗೆ ಹೋಯ್ತು?

ನಮಸ್ಕಾರ ಎಲ್ರಿಗೂ. ಹೋದ ತಿಂಗಳು ನಮ್ಮ ಚಿಕ್ಕಪ್ಪನ ಮಗನ ಮದುವೆ, ಇಲ್ಲೇ ಮಿಷಿಗನ್‌ನಲ್ಲಿ. ಹುಡುಗ ಖರ್ಚಿಗೆಲ್ಲ ಎಕ್ಸೆಲ್ ಶೀಟ್ ಮಾಡಿಟ್ಟಿದ್ದ, ಹಾಲ್‌ಗಿಷ್ಟು, ಮಂಟಪದ ಹೂವಿಗಿಷ್ಟು, ಹೋಳಿಗೆಗೆ ಪ್ಲೇಟ್ ಲೆಕ್ಕದಲ್ಲಿ ಬೇರೆ, ಎಲ್ಲಾ ಮುಗಿದ ಮೇಲೆ ಕಟ್ಟಕಡೇ ಸಾಲಲ್ಲಿ 'ಲೈಸೆನ್ಸ್, 20' ಅಂತ. ಅಷ್ಟು ದೊಡ್ಡ ಶೀಟಲ್ಲಿ ಯಾರೂ ಚೌಕಾಸಿ ಮಾಡದೇ ಇರೋ ಸಾಲು ಅದೊಂದೇ.

ಲೈಸೆನ್ಸ್ ಕೊಡೋ ಕೌಂಟಿ ಕ್ಲರ್ಕ್ ಹತ್ರ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ) ನಾನೂ ಜೊತೆಗೆ ಹೋಗಿದ್ದೆ. ಗಾಜಿನ ಕಿಟಕಿ, ಅಫಿಡವಿಟ್‌ಗೆ ಸೈನು, ಕಾರ್ಡ್ ಉಜ್ಜಿದ್ವಿ, ಮೂರು ದಿನ ಬಿಟ್ಟು ಬನ್ನಿ ಅಂದ್ರು, 33 ದಿನದೊಳಗೆ ಮದುವೆ ಆಗ್ಬೇಕು ಅಂದ್ರು. ಆ 20ರಲ್ಲಿ 15 ಡಾಲರ್ ಫ್ಯಾಮಿಲಿ ಕೌನ್ಸೆಲಿಂಗ್‌ಗೆ ಹೋಗುತ್ತೆ ಅಂತ ಮಾತ್ರ ಯಾರೂ ಹೇಳ್ಲಿಲ್ಲ. ಕಾನೂನಲ್ಲೇ ಇದೆ ಇದು, ಪ್ರತಿ ಲೈಸೆನ್ಸ್ ಫೀಸಲ್ಲಿ 15 ಡಾಲರನ್ನ ಕೌಂಟಿ ಬೋರ್ಡು ಸರ್ಕಿಟ್ ಕೋರ್ಟಿಗೆ, ಅಂದ್ರೆ ಕೌಂಟಿಯ ಮುಖ್ಯ ಕೋರ್ಟಿಗೆ ಕೊಡ್ಬೇಕು, ಮನೆಯಲ್ಲಿ ಹೊಡೆತ ತಿಂದವ್ರಿಗೆ, ಹಿಂಸೆ ಅನುಭವಿಸಿದ ಮಕ್ಕಳಿಗೆ ಕೌನ್ಸೆಲಿಂಗ್ ಸಿಗೋದೂ ಅದರಲ್ಲೇ. ಕೋರ್ಟ್ ಖರ್ಚು ಮಾಡ್ಲಿಲ್ಲ ಅಂದ್ರೆ ದುಡ್ಡು ವಾಪಸ್ ಕೌಂಟಿಗೆ ಬಂದು, ಆ ಸೇವೆ ಶುರುವಾಗೋ ತನಕ ಬೇರೆ ಇಟ್ಟಿರ್ಬೇಕು.

ನಂಗೆ ಇದು ಇಷ್ಟ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಇವತ್ತು ನಗ್ತಾ ಬಂದು ಲೈಸೆನ್ಸ್ ತಗೊಳೋರಿಗೇ ನಾಳೆ ಕೌನ್ಸೆಲರ್ ಬೇಕಾಗ್ಬಹುದು, ಹಾಗಾಗಿ ಅವ್ರ ಹತ್ರಾನೇ ಸ್ವಲ್ಪ ತಗೊಂಡು ಅವ್ರಿಗೇ ಇಡೋದ್ರಲ್ಲಿ ತಪ್ಪೇನಿಲ್ಲ. ಆದ್ರೆ ಲೆಕ್ಕ ಹಾಕಿ ನೋಡಿ ಸ್ವಾಮಿ, ಒಂದು ಕೌಂಟಿಲಿ ವರ್ಷಕ್ಕೆ ಸಾವಿರ ಮದುವೆ ಆದ್ರೂ 15 ಸಾವಿರ ಡಾಲರ್, ಒಬ್ಬ ಕೌನ್ಸೆಲರ್‌ಗೆ ಅರ್ಧ ವರ್ಷದ ಸಂಬಳಕ್ಕೂ ಸಾಲಲ್ಲ.

ಈಗ ಶೆಲ್ಟರ್, ಅಂದ್ರೆ ಹೊಡೆತ ತಪ್ಪಿಸ್ಕೊಂಡು ಬಂದೋರು ಇರೋ ಆಶ್ರಯ ಮನೆ ವಿಷಯ, ಇಲ್ಲಿ ನನ್ನ ತಕರಾರು. ಗಂಡನ ಹೊಡೆತ ತಡೀಲಾರ್ದೆ ಮಧ್ಯರಾತ್ರಿ ಮಗು ಎತ್ಕೊಂಡು ಹೊರಗೆ ಬಂದವಳಿಗೆ ಒಂದು ಹಾಸಿಗೆ ಬೇಕಲ್ಲ, ಅದಕ್ಕೂ ಮದುವೆ ಲೈಸೆನ್ಸ್ ದುಡ್ಡೇ ಹಾಕೋ ರಾಜ್ಯಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಲೈಸೆನ್ಸಿಂದ 23 ಡಾಲರ್ ಇದಕ್ಕೆ ಹೋಗುತ್ತೆ. ಇಲಿನಾಯ್‌ನಲ್ಲಿ ಫೀಸು 15 ಇದ್ದಿದ್ದನ್ನ 25 ಮಾಡಿ ಆ 10 ಡಾಲರ್ ಶೆಲ್ಟರ್‌ಗಳಿಗೆ ಅಂದಿದ್ರು, 1986ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆಗಲ್ಲ ಅಂತ ಹೊಡೆದು ಹಾಕ್ತು, ಮದುವೆ ಆಗೋರ ಮೇಲೆ ಮಾತ್ರ ಹಾಕೋ ಈ ತೆರಿಗೆ ಸಂವಿಧಾನಕ್ಕೆ ವಿರುದ್ಧ ಅಂತ. ಮೊದಲು ಓದಿದಾಗ ಇವ್ರೆಂಥಾ ಕಲ್ಲು ಮನಸ್ಸಿನವ್ರಪ್ಪ ಅನ್ಸಿತ್ತು. ಈಗ ಹಾಗನ್ಸಲ್ಲ. ಮದುವೆನೇ ಆಗದೆ ಜೊತೆಗಿರೋರ ಮನೇಲಿ ಹೊಡೆತ ಇಲ್ವಾ? ಇಪ್ಪತ್ತು ವರ್ಷದ ಹಿಂದೆ ಊರಲ್ಲಿ ತಾಳಿ ಕಟ್ಟಿ ಇಲ್ಲಿಗೆ ಬಂದೋರು ಇಲ್ಲಿ ಒಂದು ಪೈಸೆ ಲೈಸೆನ್ಸ್ ಫೀಸು ಕಟ್ಟಿಲ್ಲ, ನಾನೂ ಸೇರಿ. ಅವ್ರ ಮನೆ ಹೆಣ್ಮಕ್ಳಿಗೂ ಬಾಗ್ಲು ತೆಗೀಬೇಕು ತಾನೆ?

ಇನ್ನೊಂದು ಇದೆ. ಅಮೆರಿಕದಲ್ಲಿ 2019ರಲ್ಲಿ 20 ಲಕ್ಷದ ಮೇಲೆ ಮದುವೆ ಆಗಿದ್ವು, 2020ರಲ್ಲಿ 17 ಲಕ್ಷಕ್ಕೂ ಕಮ್ಮಿ. ಅಂದ್ರೆ ಕೊರೋನಾ ಟೈಮಲ್ಲಿ ಎಲ್ಲರೂ ಮನೆ ಒಳಗೇ ಕೂತು, ಹೊಡಿಯೋನು ಇಡೀ ದಿನ ಎದುರಿಗೇ ಇದ್ದಾಗ, ಅದೇ ವರ್ಷ ಈ ಫೀಸಿನ ದುಡ್ಡು ಕಮ್ಮಿ ಆಯ್ತು. ಮದುವೆ ಸೀಸನ್ ನೋಡ್ಕೊಂಡು ಶೆಲ್ಟರ್ ನಡ್ಸೋಕಾಗುತ್ತಾ? ಅದಕ್ಕೆ ನಾವೆಲ್ಲ ಕಟ್ಟೋ ಟ್ಯಾಕ್ಸಿಂದಾನೇ ದುಡ್ಡು ಹೋಗ್ಲಿ, ಮದುವೆ ಆಗಿರ್ಲಿ ಬಿಡ್ಲಿ. ಕೌನ್ಸೆಲಿಂಗ್‌ಗೆ ಬೇಕಾದ್ರೆ ಈ 15ನ್ನ 30 ಮಾಡಿ, ನಾನಂತೂ ಗೊಣಗಲ್ಲ, ಕಷ್ಟ ಇರೋರಿಗೆ ಫೀಸು ಮಾಫಿ ಮಾಡೋ ಅವಕಾಶ ಈಗ್ಲೂ ಕಾನೂನಲ್ಲಿ ಇದ್ದೇ ಇದೆ.

ಲೈಸೆನ್ಸ್ ಜೊತೆಗೆ ಈ ಕೌನ್ಸೆಲಿಂಗ್ ಎಲ್ಲಿ ಸಿಗುತ್ತೆ ಅಂತ ಬರೆದ ಒಂದು ಚೀಟಿ ಕೊಡಿ. ಎಚ್-4 ವೀಸಾದಲ್ಲಿ, ಅಂದ್ರೆ ಗಂಡನ ಕೆಲಸದ ವೀಸಾ ಜೊತೆ ಹೆಂಡತಿಗೆ ಸಿಗೋ ವೀಸಾದಲ್ಲಿ ಬಂದ ನಮ್ಮ ಕಡೆ ಹುಡುಗಿಗೆ ಇಲ್ಲಿ ಅತ್ತೆ ಇಲ್ಲ ಅಮ್ಮ ಇಲ್ಲ, ಪಕ್ಕದ ಮನೆಯವ್ರ ಹೆಸರೂ ಗೊತ್ತಿರಲ್ಲ, ಇನ್ನು ಕೋರ್ಟಲ್ಲಿ ಕೌನ್ಸೆಲಿಂಗ್ ಇದೆ ಅಂತ ಹೇಳೋರ್ಯಾರು. ಮುಂದಿನ ತಿಂಗಳು ಚಿಕ್ಕಪ್ಪನ ಮಗನ ತಂಗಿದು ಲೈಸೆನ್ಸ್ ಇದೆ, ಅದೇ ಕಿಟಕಿ ಹತ್ರ ನಿಂತು ಕೇಳ್ತೀನಿ, 'ಮೇಡಂ, ಈ 15 ಡಾಲರ್ ಕೌನ್ಸೆಲಿಂಗ್ ಎಲ್ಲಿ ಸಿಗುತ್ತೆ, ಫೋನ್ ನಂಬರ್ ಕೊಡ್ತೀರಾ?' ಏನಂದ್ರು ಅಂತ ಬಂದು ಹೇಳ್ತೀನಿ.